ಎಳೆಯ ನಕ್ಷತ್ರಗುಚ್ಛಗಳನ್ನು ನೋಡಲು ಇನ್‌ಫ್ರಾರೆಡ್ ಯಾಕೆ ಬೇಕು?

ಮುಖ್ಯ ಕಾರಣ ಧೂಳು. ನಕ್ಷತ್ರಗಳು ಹುಟ್ಟುವುದು ಅನಿಲ, ಧೂಳಿನ ದಟ್ಟ ಮೋಡಗಳ ಒಳಗೆ, ಹೆಚ್ಚಾಗಿ ಗುಂಪುಗುಂಪಾಗಿ. ಅಲ್ಲಿನ ಧೂಳಿನ ಕಣಗಳು ತುಂಬಾ ಸಣ್ಣವು. ಕಣ್ಣಿಗೆ ಕಾಣುವ ಬೆಳಕನ್ನು ಅವು ಹೀರಿಕೊಳ್ಳುತ್ತವೆ, ಇಲ್ಲವೇ ಚದುರಿಸುತ್ತವೆ. ಅಲೆಯ ಉದ್ದ ಜಾಸ್ತಿಯಾದಂತೆ ಈ ತಡೆ ಕಡಿಮೆಯಾಗುತ್ತದೆ. ಇನ್‌ಫ್ರಾರೆಡ್ ಅಂದರೆ ಕೆಂಪು ಬೆಳಕಿಗಿಂತ ಉದ್ದದ ಅಲೆಗಳ, ಕಣ್ಣಿಗೆ ಕಾಣದ ಬೆಳಕು. ಎಷ್ಟು ಅಂತೀರಾ? ಕಾಣುವ ಬೆಳಕು 10,000 ಪಟ್ಟು ಮಂಕಾಗುವ ಕಡೆ, 2.2 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದ ಒಂದು ಭಾಗ) ಅಲೆಯುದ್ದದ ಇನ್‌ಫ್ರಾರೆಡ್ ಸುಮಾರು ಎರಡೂವರೆ ಪಟ್ಟು ಮಾತ್ರ ಮಂಕಾಗುತ್ತದೆ! ಬರೀ ಕತ್ತಲೆಯಂತೆ ಕಾಣುವ ಜಾಗದಲ್ಲಿ ನೂರಾರು ನಕ್ಷತ್ರಗಳು ಹೊರಬರುವುದು ಹೀಗೆ.

ನನಗೆ ಇದಕ್ಕಿಂತ ಇಷ್ಟವಾಗುವುದು ಇನ್ನೊಂದು ಉಪಯೋಗ. ಎಳೆಯ ನಕ್ಷತ್ರದ ಸುತ್ತ ಧೂಳಿನ ತಟ್ಟೆ ಇರುತ್ತದೆ, ಗ್ರಹಗಳು ರೂಪುಗೊಳ್ಳುವುದು ಅದರಲ್ಲೇ. ಬಿಸಿಯಾದ ಆ ಧೂಳು ತಾನೇ ಇನ್‌ಫ್ರಾರೆಡ್ ಸೂಸುತ್ತದೆ. ನಕ್ಷತ್ರವೊಂದೇ ಸೂಸಬೇಕಾದದ್ದಕ್ಕಿಂತ ಹೆಚ್ಚು ಇನ್‌ಫ್ರಾರೆಡ್ ಕಂಡರೆ ತಟ್ಟೆ ಇದೆ ಅಂತ ಊಹಿಸಬಹುದು. ಬೇರೆ ಬೇರೆ ವಯಸ್ಸಿನ ಗುಚ್ಛಗಳಲ್ಲಿ ಹೀಗೆ ಎಣಿಸಿದಾಗ, ಕೆಲವೇ ಮಿಲಿಯನ್ ವರ್ಷಗಳಲ್ಲಿ ಹೆಚ್ಚಿನ ತಟ್ಟೆಗಳು ಕರಗಿಹೋಗುತ್ತವೆ ಎಂದು ಗೊತ್ತಾಯಿತು. ಗುರುವಿನಂಥ ಅನಿಲದ ದೊಡ್ಡ ಗ್ರಹಗಳು ರೂಪುಗೊಳ್ಳಲು ಸಿಗುವ ಸಮಯ ಅಷ್ಟೇ!

ಕಂದು ಕುಬ್ಜಗಳೂ (ನಕ್ಷತ್ರವಾಗಲು ಸಾಕಷ್ಟು ದ್ರವ್ಯರಾಶಿ ಇಲ್ಲದ ಕಾಯಗಳು) ಎಳೆಯ ವಯಸ್ಸಿನಲ್ಲಿ ಇನ್ನೂ ಬಿಸಿಯಾಗಿರುವುದರಿಂದ ಇನ್‌ಫ್ರಾರೆಡ್‌ನಲ್ಲಿ ಸುಲಭವಾಗಿ ಸಿಗುತ್ತವೆ.

ಒಂದು ತೊಂದರೆ ಇದೆ. ಮೋಡದ ಆಚೆಗಿನ ಹಳೆಯ ನಕ್ಷತ್ರಗಳೂ ಚಿತ್ರದಲ್ಲಿ ಬೆರೆಯುತ್ತವೆ. ತಟ್ಟೆ ಕಳೆದುಕೊಂಡ ಎಳೆಯ ನಕ್ಷತ್ರಗಳನ್ನು ಇವುಗಳಿಂದ ಬೇರ್ಪಡಿಸಲು ಎಕ್ಸ್-ರೇ ನೆರವು ಬೇಕು. ಎಳೆಯವು ಎಕ್ಸ್-ರೇಯಲ್ಲಿ ಜೋರಾಗಿ ಹೊಳೆಯುತ್ತವೆ. ಅದಕ್ಕೇ 2003ರಲ್ಲಿ ಹಾರಿದ ಸ್ಪಿಟ್ಜರ್ ಬಾಹ್ಯಾಕಾಶ ದೂರದರ್ಶಕದ ಇನ್‌ಫ್ರಾರೆಡ್ ಮಾಹಿತಿಯನ್ನು ಚಂದ್ರಾ ದೂರದರ್ಶಕದ ಎಕ್ಸ್-ರೇ ಮಾಹಿತಿಯ ಜೊತೆ ಸೇರಿಸಿ ನೋಡುತ್ತಾರೆ.