ಅಪು ಗಲ್ಲಾ ಬಿಟ್ಟು ಏಳುವುದು ಯಾವಾಗ?

ಪ್ರಶ್ನೆ: ಅಕ್ಕಾ, ಒಂಬತ್ತನೇ ಕ್ಲಾಸಿನ ಮಗನಿಗೆ ಹಳೆಯ ‘ಸಿಂಪ್ಸನ್ಸ್’ ಕಾರ್ಟೂನಿನ ಹುಚ್ಚು. ಅದರ ಭಾರತೀಯ ಅಂಗಡಿಯವನು ಅಪುವಿನ ಹಾಗೆ ಇಂಗ್ಲಿಷ್ ಮಾತಾಡಿ ಗೆಳೆಯರನ್ನು ನಗಿಸ್ತಾನೆ. ಮೊನ್ನೆ ನಮ್ಮ ಹೋಟೆಲಿನ ಗಲ್ಲಾದಲ್ಲಿ ಕೂತೇ ಶುರು ಮಾಡಿದ, ಕಸಿವಿಸಿ ಆಯ್ತು. ಟಿವಿ ಬಂದ್ ಮಾಡಲಾ?
– ಒಬ್ಬ ಓದುಗರು, ಡೊಂಬಿವಲಿ

ಉತ್ತರ: ಬಂದ್ ಮಾಡಿದರೆ ಮೊಬೈಲಿನಲ್ಲಿ ನೋಡ್ತಾನೆ, ಅಷ್ಟೇ. ಪಕ್ಕದಲ್ಲಿ ಕೂತು ನೀವೂ ಒಂದೆರಡು ಕಂತು ನೋಡಿ. ಅಪು ದಡ್ಡನಲ್ಲ. ಕಂಪ್ಯೂಟರ್ ಸೈನ್ಸಿನಲ್ಲಿ ಡಾಕ್ಟರೇಟ್ ಮಾಡಿದವನು, ಹಗಲೂ ರಾತ್ರಿ ದುಡಿಯುವವನು, ಹೆಸರು ಕೂಡ ಸತ್ಯಜಿತ್ ರೇ ಚಿತ್ರಗಳ ಅಪುವಿನದೇ. ಆದರೆ ಜನ ನಕ್ಕಿದ್ದು ಜಾಸ್ತಿ ಅವನ ಧಾಟಿಗೆ, ಮತ್ತು ಆ ಧಾಟಿ ಕಟ್ಟಿಕೊಟ್ಟವರು ಅವನಿಗೆ ಧ್ವನಿ ಕೊಟ್ಟ ಅಮೆರಿಕದ ಬಿಳಿಯ ನಟ ಹ್ಯಾಂಕ್ ಅಜೇರಿಯಾ. 1990ರಲ್ಲಿ ಅಲ್ಲಿನ ಟಿವಿಯಲ್ಲಿ ನಮ್ಮಂಥವರು ಕಾಣಿಸುತ್ತಿದ್ದುದೇ ಅಪರೂಪ, ಹಾಗಾಗಿ ಅಲ್ಲಿ ಬೆಳೆದ ಭಾರತೀಯ ಮಕ್ಕಳಿಗೆಲ್ಲ ಈ ಒಬ್ಬನ ಹೆಸರೇ ಅಡ್ಡಹೆಸರಾಯಿತು. ಹರಿ ಕೊಂಡಬೋಲು ಎಂಬ ಹಾಸ್ಯಗಾರ 2017ರಲ್ಲಿ ಇದರ ಮೇಲೇ ಸಾಕ್ಷ್ಯಚಿತ್ರ ಮಾಡಿದರು. 2020ರಲ್ಲಿ ಅಜೇರಿಯಾ ಆ ಪಾತ್ರ ಬಿಟ್ಟರು. ಬಿಳಿಯರಲ್ಲದ ಪಾತ್ರಗಳಿಗೆ ಇನ್ನು ಬಿಳಿಯರು ಧ್ವನಿ ಕೊಡುವುದಿಲ್ಲ ಎಂದು ತಂಡವೂ ಅದೇ ವರ್ಷ ಹೇಳಿತು.

ಧ್ವನಿ ಬದಲಾದರೆ ಆಯ್ತಾ? ನನಗೆ ಹಾಗನ್ನಿಸಲ್ಲ. ಇಂಥ ಕಾರ್ಟೂನುಗಳು ಸಂಸಾರದ ಕಥೆಗಳು ತಾನೇ, ಅವುಗಳ ಊರಿನಲ್ಲಿ ಯಾರಿಗೆ ಮನೆ ಕೊಟ್ಟಿದ್ದಾರೆ ಅಂತ ನೋಡಿ. ಅಪು ವರ್ಷಗಟ್ಟಲೆ ಗಲ್ಲಾದ ಹಿಂದೆಯೇ ನಿಂತಿದ್ದ. ಮಂಜುಳಾ ಜೊತೆ ಮದುವೆ ಆಗಿದ್ದು 1997ರಲ್ಲಿ. ಅದೇ ವರ್ಷ ಶುರುವಾದ ‘ಕಿಂಗ್ ಆಫ್ ದಿ ಹಿಲ್’ ಕಾರ್ಟೂನಿನಲ್ಲಿ ಟೆಕ್ಸಾಸಿನ ಒಂದು ಬೀದಿಗೆ ಲಾವೋಸ್ ಮೂಲದ ಕುಟುಂಬ ಬರುತ್ತದೆ. ಪಕ್ಕದ ಮನೆಯವರು ‘ನೀವು ಚೀನಾದವರೋ ಜಪಾನಿನವರೋ’ ಅಂತಾರೆ. ಆ ಕುಟುಂಬದ ಯಜಮಾನ ಲಾವೋಸ್ ಎಲ್ಲಿದೆ, ಎಷ್ಟು ಜನ ಇದ್ದಾರೆ ಅಂತೆಲ್ಲ ಬಿಡಿಸಿ ಹೇಳುತ್ತಾನೆ. ಎಲ್ಲ ಕೇಳಿಸಿಕೊಂಡು ಅವರು ಮತ್ತೆ ಅದೇ ಪ್ರಶ್ನೆ ಕೇಳ್ತಾರೆ! ಇಲ್ಲಿ ನಗೆಪಾಟಲಾಗುವುದು ಕೇಳಿದವರು. ಆಗ ಅವನಿಗೆ ಧ್ವನಿ ಕೊಟ್ಟವರೂ ಬಿಳಿಯರೇ ಅನ್ನಿ, ಆದರೂ ಅವನಿಗೊಂದು ಮನೆ ಇತ್ತು, ಹೆಂಡತಿ, ಮಗಳು, ಸಿಟ್ಟು, ಜಂಬ ಎಲ್ಲಾ ಇತ್ತು.

ಮಗನ ಜೊತೆ ಹಿಂದಿ ಕಾಮಿಡಿಗಳ ‘ಮದ್ರಾಸಿ’ಯ ಮಾತೂ ತೆಗೆಯಿರಿ. ದಕ್ಷಿಣದ ಐದು ರಾಜ್ಯಕ್ಕೆ ಒಂದೇ ಲುಂಗಿ, ಒಂದೇ ‘ಅಯ್ಯೋ’. ಮತ್ತೆ ನಿಮ್ಮ ಹೋಟೆಲಿನಲ್ಲಿ ನೇಪಾಳದ ಹುಡುಗ ಇದ್ದರೆ ಅವನನ್ನು ಹೆಸರು ಹಿಡಿದು ಕರೀತೀರಾ, ‘ಬಹಾದೂರ್’ ಅಂತೀರಾ? ಅದನ್ನೂ ಮಗ ನೋಡ್ತಿರ್ತಾನೆ.

ಪ್ರಶ್ನೆ: ನಮ್ಮ ಕಾಲದ ‘ಫ್ಲಿಂಟ್‌ಸ್ಟೋನ್ಸ್’ ಕಾರ್ಟೂನಿನಲ್ಲಿ ಇಂಥ ತಕರಾರೇ ಇರಲಿಲ್ಲ. ಶಿಲಾಯುಗದಲ್ಲೂ ಬಣ್ಣ ಎಣಿಸಬೇಕೇನಮ್ಮ?
– ಹಿರಿಯ ಓದುಗರು, ಮಾಟುಂಗಾ

ಉತ್ತರ: ತಕರಾರು ಎಲ್ಲಿಂದ ಬರಬೇಕು ಸಾರ್, ಬೀದಿಯಲ್ಲೆಲ್ಲ ಒಂದೇ ಥರದ ಜನ. 1960ರಿಂದ 66ರವರೆಗೆ ಬಂದ ಆ ಶಿಲಾಯುಗ, ಕಲ್ಲಿನ ಕಾರು ಬಿಟ್ಟರೆ, ಅಂದಿನ ಅಮೆರಿಕದ ಬಿಳಿಯರ ಬಡಾವಣೆಯೇ. 1962ರ ‘ಜೆಟ್ಸನ್ಸ್’ ಭವಿಷ್ಯಕ್ಕೆ ಹಾರಿತು, ಅಲ್ಲೂ ಅದೇ ಸಂಸಾರ. ಮನೆಗೆಲಸಕ್ಕೆ ಇಲ್ಲಿ ಪ್ರಾಣಿಗಳು, ಅಲ್ಲಿ ರೋಬೋ. ನೋಡಬೇಡಿ ಅಂತಲ್ಲ, ಸೊಂಡಿಲಿನಲ್ಲಿ ಕಸ ಎಳೆಯುವ ಆ ಮರಿ ಮ್ಯಾಮತ್ ಅಂದ್ರೆ ನನಗೂ ಇಷ್ಟ.