ಅಗ್ಗದ ಟಿಕೆಟ್ಟು, ಕೈತಪ್ಪಿದ ಮನೆ

ಅಕ್ಕಾ ಅಂತ ಕರೆದಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ಬೇಜಾರಿಲ್ಲ ಅಲ್ವಾ?

ಕೆಲಸ ಹುಡುಕಲು ಜರ್ಮನಿ ಕೊಡುವ ಚಾನ್ಸನ್‌ಕಾರ್ಟೆ ವೀಸಾ ಮೇಲೆ ಬರ್ಲಿನ್‌ಗೆ ಬಂದು ಆರು ವಾರ ಆಯಿತು, ಕೆಲಸ ಇನ್ನೂ ಸಿಕ್ಕಿಲ್ಲ, ಲೈಪ್‌ಜಿಗ್, ನ್ಯೂರೆಂಬರ್ಗ್, ಸ್ಟುಟ್‌ಗಾರ್ಟ್ ಮೂರನ್ನೂ ನೋಡಿ ಎಲ್ಲಿ ನೆಲೆ ನಿಲ್ಲುವುದು ಅಂತ ತೀರ್ಮಾನ ಮಾಡಬೇಕು, ಕೈಯಲ್ಲಿರುವ ದುಡ್ಡು ಕರಗದ ಹಾಗೆ ಓಡಾಡುವುದು ಹೇಗೆ ಅಂತ ಕೇಳಿದ್ದೀಯ. ಜೊತೆಗೆ ಚಳಿ ಬಗ್ಗೆ, ನಮ್ಮವರು ಎಲ್ಲಿ ಜಾಸ್ತಿ ಅನ್ನುವುದರ ಬಗ್ಗೆ. ಚಳಿಗೆ ಒಳ್ಳೆ ಜಾಕೆಟ್ ತಗೋ, ಅಷ್ಟೇ. ನಮ್ಮವರು ಎಲ್ಲಾ ಕಡೆ ಇದ್ದಾರೆ. ಹುಡುಕಿಕೊಂಡು ಹೋಗಬೇಡ, ಅವರೇ ಸಿಗುತ್ತಾರೆ.

ಓಡಾಟದ ವಿಷಯ. ನಾನು ಬಂದಿದ್ದು 2014ರಲ್ಲಿ. ಆಗ ಶನಿವಾರ ಭಾನುವಾರಕ್ಕೆ ಅಂತ ಒಂದು ಟಿಕೆಟ್ ಇತ್ತು, ಐದು ಜನ ಸೇರಿ ಹಂಚಿಕೊಳ್ಳಬಹುದಿತ್ತು, ಲೋಕಲ್ ರೈಲುಗಳನ್ನು ಬದಲಾಯಿಸುತ್ತಾ ದೇಶದ ಯಾವ ಮೂಲೆಗಾದರೂ ಹೋಗಬಹುದಿತ್ತು. ಪ್ಲಾಟ್‌ಫಾರ್ಮಲ್ಲಿ ನಿಂತು ಐದನೆಯವರಿಗೆ ಕಾಯುತ್ತಿದ್ದೆವು. ಗುರುತು ಪರಿಚಯ ಇಲ್ಲದವರನ್ನೂ ಕೂಗಿ ಸೇರಿಸಿಕೊಂಡದ್ದಿದೆ. 2019ರಲ್ಲಿ ಅದನ್ನು ನಿಲ್ಲಿಸಿದರು. ಈಗ ನಿಮಗೆಲ್ಲಾ ಡಾಯ್ಚ್‌ಲ್ಯಾಂಡ್ ಟಿಕೆಟ್ ಇದೆ, ದೇಶದ ಎಲ್ಲಾ ಲೋಕಲ್ ರೈಲುಗಳಿಗೂ ನಡೆಯುವ ತಿಂಗಳ ಪಾಸು, ಪುಣ್ಯವಂತರು. 2023ರ ಮೇ ತಿಂಗಳಲ್ಲಿ ತಿಂಗಳಿಗೆ 49 ಯೂರೋದಂತೆ ಶುರುವಾಗಿ, 2025ಕ್ಕೆ 58 ಆಗಿ, 2026ಕ್ಕೆ 63ಕ್ಕೆ ಬಂದು ನಿಂತಿದೆ. ಆದರೂ ಅಗ್ಗವೇ. ಊರೊಳಗಿನ ಬಸ್ಸು, ಟ್ರಾಮು, ಮೆಟ್ರೋ ಎಲ್ಲಾ ಅದರಲ್ಲೇ ಬರುತ್ತದೆ. ಒಂದು ನೆನಪಿಟ್ಟುಕೋ, ಅದು ಪ್ರತಿ ತಿಂಗಳೂ ತಾನಾಗೇ ಮುಂದುವರಿಯುತ್ತದೆ. 10ನೇ ತಾರೀಖಿನೊಳಗೆ ಕ್ಯಾನ್ಸಲ್ ಮಾಡಿದರೆ ಆ ತಿಂಗಳ ಕೊನೆಗೆ ನಿಲ್ಲುತ್ತದೆ, 11ಕ್ಕೆ ಮಾಡಿದೆಯೋ, ಇನ್ನೊಂದು ತಿಂಗಳ ದುಡ್ಡು ಹೋಯಿತು ಅಂತ ತಿಳಿ.

ಇದರಲ್ಲಿ ಐಸಿಇ, ಐಸಿ ಅನ್ನುವ ದೂರದ ವೇಗದ ರೈಲುಗಳನ್ನು ಹತ್ತುವ ಹಾಗಿಲ್ಲ. ಲೈಪ್‌ಜಿಗ್‌ಗೆ ಐಸಿಇಯಲ್ಲಿ ಒಂದೂಕಾಲು ಗಂಟೆ. ಲೋಕಲಲ್ಲಿ ವಿಟ್ಟನ್‌ಬರ್ಗ್‌ನಲ್ಲಿ ಇಳಿದು ಹತ್ತಿ ಹೋಗುವಾಗ ಎರಡೂವರೆ ಮೂರು ಗಂಟೆ. ಅದು ಪರವಾಗಿಲ್ಲ, ಕಿಟಕಿ ಪಕ್ಕ ಕೂತು ಹೋಗಬಹುದು. ಸ್ಟುಟ್‌ಗಾರ್ಟ್‌ಗೆ ಹಾಗೆ ಹೊರಟರೆ ಇಡೀ ದಿನ ಹೋಗುತ್ತದೆ. ಮಧ್ಯದಲ್ಲಿ ಒಂದು ರೈಲು ಹತ್ತು ನಿಮಿಷ ತಡವಾದರೆ ಮುಂದಿನದು ಕೈಕೊಟ್ಟಿತು. ಅಂಥ ದೂರಕ್ಕೆ ಬಸ್ಸು ನೋಡು, ಇಲ್ಲವೇ ಮುಂಚೆಯೇ ಶ್ಪಾರ್‌ಪ್ರೈಸ್ ತಗೋ, ಅಂದರೆ ಒಂದೇ ರೈಲಿಗೆ ಕಟ್ಟಿದ ಅಗ್ಗದ ಟಿಕೆಟ್. ಸೀಟು ರಿಸರ್ವ್ ಮಾಡಿಸಲು ಬೇರೆ ದುಡ್ಡು. ಕಿಟಕಿಯಿಂದ ಕರ್ಚೀಫ್ ಹಾಕುವ ವಿದ್ಯೆ ಇಲ್ಲಿ ನಡೆಯಲ್ಲ. ಹಾಸ್ಟೆಲ್ ಬಾಡಿಗೆ ಉಳಿಸಲು ರಾತ್ರಿ ಬಸ್ಸು ಹಿಡಿಯಬೇಡ, ಬೆಳಗಿನ ಜಾವ ಐದಕ್ಕೆ ಇಳಿಸಿ ಹೋಗುತ್ತಾರೆ, ಒಂದು ಅಂಗಡಿಯೂ ತೆರೆದಿರಲ್ಲ.

ಈ ಅಗ್ಗದ ಟಿಕೆಟ್ ಬಗ್ಗೆಯೇ ನಿನಗೆ ಒಂದು ಹೇಳಬೇಕು. ಬಂದ ಮರುವರ್ಷ ನನಗೆ ನ್ಯೂರೆಂಬರ್ಗ್‌ನಲ್ಲಿ ಕೆಲಸ ಸಿಕ್ಕಿತು. ಇದ್ದದ್ದು ಲೈಪ್‌ಜಿಗ್‌ನಲ್ಲಿ. ಹದಿನೇಳು ಮನೆಗಳಿಗೆ ಅರ್ಜಿ ಹಾಕಿದ ಮೇಲೆ ಒಬ್ಬ ಅಜ್ಜಿ, ಮನೆ ಓನರ್, ಶನಿವಾರ ಎರಡು ಗಂಟೆಗೆ ಬಂದು ನೋಡು ಅಂದರು. ಎರಡು ಕೋಣೆ, ಬಾಲ್ಕನಿ, ಆಫೀಸಿಗೆ ನಡೆದು ಹೋಗುವಷ್ಟು ಹತ್ತಿರ. 29 ಯೂರೋದ ಶ್ಪಾರ್‌ಪ್ರೈಸ್ ಟಿಕೆಟ್ ಮಾಡಿಸಿದೆ, ಒಂದು ಗಂಟೆ ಸುಮಾರಿಗೆ ತಲುಪುವ ಹಾಗೆ. ಗುರುವಾರ ರಾತ್ರಿ ಅಜ್ಜಿ ಫೋನ್ ಮಾಡಿ, ಹನ್ನೊಂದಕ್ಕೆ ಬರಲು ಆಗುತ್ತಾ ಅಂದರು. ನನ್ನ ಟಿಕೆಟ್ ಆ ಒಂದೇ ರೈಲಿಗೆ ಕಟ್ಟಿದ್ದು. ಬೇರೆ ರೈಲಿಗೆ ಹೊಸ ಟಿಕೆಟ್ ಅಂದರೆ ಅದರ ಎರಡು ಪಟ್ಟಿಗಿಂತ ಜಾಸ್ತಿ. ಎರಡಕ್ಕೇ ಬರುತ್ತೇನೆ ಅಂದೆ. ಮನೆ ಎಲ್ಲಿಗೆ ಓಡಿಹೋಗುತ್ತದೆ ಅಂತ ನನ್ನ ಲೆಕ್ಕ.

ಬಾಗಿಲು ತೆಗೆದಾಗ ಒಳಗೆ ಒಬ್ಬ ಹುಡುಗ ಮಂಡಿಯೂರಿ ಕೂತು ಅಡುಗೆಮನೆಯ ಗೋಡೆಗೆ ಟೇಪ್ ಹಿಡಿದು ಅಳೆಯುತ್ತಿದ್ದ, ಅವನ ಹೆಂಡತಿ ಅಳತೆಯನ್ನು ಅಂಗೈ ಮೇಲೆ ಬರೆದುಕೊಳ್ಳುತ್ತಿದ್ದಳು. ಇಲ್ಲಿ ಬಹಳ ಬಾಡಿಗೆ ಮನೆಗಳಲ್ಲಿ ಅಡುಗೆಮನೆ ಅಂದರೆ ಬರೀ ಗೋಡೆ ಮತ್ತು ನಲ್ಲಿಯ ಪೈಪು. ಸಿಂಕು, ಒಲೆ, ಕಪಾಟು ಎಲ್ಲಾ ನಾವೇ ತರಬೇಕು. ಹಾಗಾಗಿ ಟೇಪ್ ನೋಡಿದ ಕೂಡಲೇ ಅರ್ಥವಾಯಿತು, ಮುಗಿಯಿತು ಅಂತ. ಅಜ್ಜಿ ‘ಶಾಡೆ’ ಅಂದರು. ಅಯ್ಯೋ ಪಾಪ ಅನ್ನುವ ಥರದ ಮಾತು ಅದು. ಒಂದು ಲೋಟ ನೀರು ಕೊಟ್ಟರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ ಅಂತಾರಲ್ಲ, ನನ್ನದು ಅಡಿಕೆಗೆ ಹೋದ ಮನೆ.

ಆಮೇಲೆ ಸಿಕ್ಕಿದ್ದು ಮೂವರ ಜೊತೆ ಒಂದು ಮನೆಯಲ್ಲಿ 12 ಚದರ ಮೀಟರಿನ ಕೋಣೆ. ಆ ಬೇಸಿಗೆಗೆ ಅಮ್ಮ ಬರಬೇಕಿತ್ತು, ಪಾಸ್‌ಪೋರ್ಟ್ ಕೂಡ ಮಾಡಿಸಿದ್ದರು. ಒಂದು ಮಂಚದ ಕೋಣೆಗೆ ಹೇಗೆ ಕರೆಸಲಿ? ಮುಂದಿನ ವರ್ಷ ಬಾ ಅಂದೆ. ಮುಂದಿನ ವರ್ಷ ಮಂಡಿ ಆಪರೇಷನ್ ಆಯಿತು. ಅಷ್ಟು ಹೊತ್ತು ವಿಮಾನದಲ್ಲಿ ಕೂರುವುದು ಆಮೇಲೆ ಅವರ ಕೈಲಾಗಲೇ ಇಲ್ಲ. ಈಗ ಮೂರು ಕೋಣೆಯ ಮನೆ ಇದೆ, ಒಂದನ್ನು ಅಮ್ಮನಿಗೆ ಅಂತಲೇ ನೋಡಿ ಹಿಡಿದದ್ದು. ಅದರಲ್ಲಿ ಇಸ್ತ್ರಿ ಟೇಬಲ್ ಇಟ್ಟಿದ್ದೇನೆ.

ಹಾಗಾಗಿ ಸುಮ್ನೆ ಊರು ನೋಡಲು ಎಷ್ಟು ಬೇಕಾದರೂ ಜಿಪುಣತನ ಮಾಡು. ಆದರೆ ಶನಿವಾರ ಬಿಸಿಲಲ್ಲಿ ಹೋಗಿ ಮರುಳಾಗಬೇಡ. ಮಂಗಳವಾರ ಬೆಳಿಗ್ಗೆ ಹೋಗು, ನೀನು ಮನೆ ಮಾಡಬೇಕು ಅಂದುಕೊಂಡಿರುವ ಏರಿಯಾದಿಂದ ಆಫೀಸುಗಳಿರುವ ಕಡೆಗೆ ಜನರ ಜೊತೆ ಟ್ರಾಮಲ್ಲಿ ನಿಂತು ಹೋಗಿ ನೋಡು. ಮನೆ ನೋಡಲು, ಇಂಟರ್‌ವ್ಯೂಗೆ ಹೋಗುವಾಗ ಮಾತ್ರ ಹಿಂದಿನ ದಿನವೇ ಹೋಗು, ಇಲ್ಲವೇ ಯಾವ ರೈಲಾದರೂ ಹತ್ತಬಹುದಾದ ಟಿಕೆಟ್ ತಗೋ. ಇನ್ನೂ ಅಗ್ಗದ ಸೂಪರ್ ಶ್ಪಾರ್‌ಪ್ರೈಸ್ ಅಂತೂ ಬೇಡ, ಅದು ಕ್ಯಾನ್ಸಲ್ ಆಗಲ್ಲ.

ಮರೆತಿದ್ದೆ, ಸುತ್ತುವಾಗಲೂ ಅಡ್ರೆಸ್ ಒಂದೇ ಕಡೆ ಇರಲಿ. ಬ್ಯಾಂಕಿನ ಪಿನ್, ಟ್ಯಾಕ್ಸ್ ನಂಬರು ಎಲ್ಲಾ ಇಲ್ಲಿ ಅಂಚೆಯಲ್ಲೇ ಬರುತ್ತದೆ, ಮನೆಯ ಅಂಚೆ ಡಬ್ಬದ ಮೇಲೆ ನಿನ್ನ ಹೆಸರಿಲ್ಲದಿದ್ದರೆ ವಾಪಸ್ ಹೋಗುತ್ತದೆ. ಓನರ್‌ಗೆ ಕೇಳಿ ಒಂದು ಚೀಟಿ ಅಂಟಿಸು, ಇವತ್ತೇ.

ನ್ಯೂರೆಂಬರ್ಗ್‌ಗೆ ಯಾವಾಗ ಬರುತ್ತೀಯ ತಿಳಿಸು. ಹಿಂದಿನ ರಾತ್ರಿಯೇ ಬಂದುಬಿಡು, ಇಸ್ತ್ರಿ ಟೇಬಲ್ ಎತ್ತಿಡುತ್ತೇನೆ.