ಓದುಗರ ಪ್ರಶ್ನೆ: ಆಫೀಸಿನ ಬದುಕಲ್ಲಿ ಕವಿತೆ ಎಲ್ಲಿದೆ?

ಪ್ರಶ್ನೆ: ಡಬ್ಲಿನ್‌ಗೆ ಬಂದು ಮೂರು ವರ್ಷ ಆಯ್ತು, ಒಂದು ಕಂಪನಿಯ ಬಿಲ್ಲಿಂಗ್ ಸೆಕ್ಷನ್‌ನಲ್ಲಿ ಕೆಲಸ. ಊರಲ್ಲಿದ್ದಾಗ ಕವಿತೆ ಬರೀತಿದ್ದೆ, ಈಗ ದಿನವಿಡೀ ಎಕ್ಸೆಲ್, ಮೀಟಿಂಗು, ಟಾರ್ಗೆಟ್ಟು, ರಾತ್ರಿ ಕೂತ್ರೆ ಒಂದು ಸಾಲೂ ಬರಲ್ಲ. ಇಲ್ಲಿನ ಕವಿಗಳನ್ನಾದ್ರೂ ಓದೋಣ ಅಂತ ಕೇಳಿದ್ರೆ ಎಲ್ರೂ ಯೇಟ್ಸ್ ಅಂತಾರೆ, ಹೀನಿ ಅಂತಾರೆ, ಸರೋವರ, ಹಂಸ, ಗದ್ದೆ, ಗುದ್ದಲಿ. ನನ್ನಂಥ ಕೆಲಸದೋರ ಬಗ್ಗೆ ಐರ್ಲೆಂಡಲ್ಲಿ ಯಾರೂ ಬರೆದಿಲ್ವಾ?
– ಹೆಸರು ಬೇಡ ಅಂದವರು, ಡಬ್ಲಿನ್

ಉತ್ತರ: ಬರೆದಿದ್ದಾರೆ, ಅದೂ ನೀವಿರೋ ಊರಿನ ಆಫೀಸಲ್ಲೇ ದುಡಿದವರು. ಡೆನಿಸ್ ಓಡ್ರಿಸ್ಕಲ್ ಅಂತ ಹೆಸರು, ಬರ್ಕೊಳ್ಳಿ. ಹುಟ್ಟಿದ್ದು 1954ರಲ್ಲಿ ಟಿಪ್ಪರರಿ ಕೌಂಟಿಯ ಥರ್ಲ್ಸ್‌ನಲ್ಲಿ, 16ನೇ ವಯಸ್ಸಿಗೇ ಸರ್ಕಾರಿ ತೆರಿಗೆ ಇಲಾಖೆ ಸೇರಿದ್ರು, ಹೆಚ್ಚುಕಮ್ಮಿ 40 ವರ್ಷ ಅಲ್ಲೇ ಇದ್ರು, ಸ್ಟಾಂಪ್ ಡ್ಯೂಟಿ, ಕಸ್ಟಮ್ಸ್ ಇಂಥ ಸೆಕ್ಷನ್‌ಗಳಲ್ಲಿ. ಶುರುವಿನಲ್ಲಿ ಸಿಕ್ಕಿದ್ದು ಸತ್ತವರ ಆಸ್ತಿ ಮೇಲೆ ತೆರಿಗೆ ಹಾಕೋ ವಿಭಾಗ. ಯೋಚನೆ ಮಾಡಿ, ಮೀಸೆ ಮೂಡೋ ವಯಸ್ಸಿನ ಹುಡುಗ, ದಿನಾ ಮುಂದೆ ಬರೋ ಫೈಲೆಲ್ಲ ತೀರ್ಕೊಂಡವರದ್ದು, ಯಾರ ಹೆಸರಲ್ಲಿ ಎಷ್ಟಿತ್ತು, ಯಾರಿಗೆ ಎಷ್ಟು ಹೋಯ್ತು.

ಅವರದ್ದೊಂದು ಕವಿತೆ ಇದೆ, ಸಮ್‌ಒನ್ ಅಂತ, ಇವತ್ತು ಸಾಯಲಿರೋ ಯಾರೋ ಒಬ್ಬರ ಬಗ್ಗೆ. ಆದ್ರೆ ಅದ್ರಲ್ಲಿ ಆಸ್ಪತ್ರೆ ಇಲ್ಲ, ಗೋಳಾಟ ಇಲ್ಲ. ಬ್ರೆಡ್ಡಿಗೆ ಬೆಣ್ಣೆ ಸವರ್ಕೊಂಡು ಟೀ ಕುಡೀತಾರೆ, ಗಡ್ಡ ಹೆರೀತಾರೆ, ಉಗುರು ಕತ್ತರಿಸ್ತಾರೆ, ಕೆಲಸದ ಮೇಲೆ ಮನೆಯಿಂದ ಹೊರಡ್ತಾ ಪಕ್ಕದ ಮನೆಯವರಿಗೆ ನಮಸ್ಕಾರ ಹೇಳ್ತಾರೆ, ಅದೇ ಪಕ್ಕದ ಮನೆಯವರು ನಾಳೆ ಹೆಣದ ಹಿಂದೆ ನಡೆಯೋರು ಅನ್ನೋದು ಓದೋ ನಮಗೆ ಗೊತ್ತು, ಆ ಮನುಷ್ಯನಿಗೆ ಗೊತ್ತಿಲ್ಲ. ನಾನಿದನ್ನ ಮೊದಲ ಸಲ ಓದಿದ್ದು ಬೆಳಗ್ಗೆ ಬಸ್ಸಲ್ಲಿ, ಕೆಲಸಕ್ಕೆ ಹೋಗ್ತಾ. ಇಳಿದ ಮೇಲೆ ಸ್ವಲ್ಪ ಹೊತ್ತು ಸ್ಟಾಪಲ್ಲೇ ನಿಂತ್ಬಿಟ್ಟೆ.

ನಿಮಗೆ ಬೇಕಾದ್ದು ಮಾತ್ರ ಬೇರೆ, ದ ಬಾಟಮ್ ಲೈನ್, 1994ರದ್ದು. ಒಂದೇ ದೊಡ್ಡ ಕವಿತೆ, 11 ಸಾಲಿನ 50 ಭಾಗ, ಮಾತಾಡೋದು ಪೂರ್ತಿ ಮ್ಯಾನೇಜರುಗಳು, ಎಕ್ಸಿಕ್ಯುಟಿವ್‌ಗಳು. ಶುರುನಲ್ಲೇ ಒಬ್ಬ ಹೇಳ್ಕೊಳ್ತಾನೆ, ಕಟ್ಟಡದ ನಿಯಮ, ತಪ್ಪು ಮಾಡಿದ ಸ್ಟಾಫನ್ನ ತೆಗೆಯೋ ಕ್ರಮ, ಪೇಟೆಂಟ್ ನಂಬರು, ಇಂಥ ನಾಳೆಗೆ ಉಳಿಯದ ವಿಷಯಾನೇ ತಲೆ ತುಂಬಾ ತುಂಬ್ಕೊಂಡಿದೆ ಅಂತ. ನೋಡಿ, ನೀವು ಕವಿತೆಗೆ ಅಡ್ಡ ಅಂದ್ಕೊಂಡಿರೋ ಸರಕೇ ಅವರ ಕವಿತೆ! ಐರ್ಲೆಂಡಿನ ಆರ್ಥಿಕತೆಗೆ ಕೆಲ್ಟಿಕ್ ಟೈಗರ್ ಅನ್ನೋ ಹೆಸರು ಬಿದ್ದಿದ್ದೂ ಅದೇ 1994ರಲ್ಲಿ, ಅಂದ್ರೆ ದೇಶ ದುಡ್ಡು ನೋಡೋಕೆ ಶುರುಮಾಡೋ ಹೊತ್ತಿಗೇ ಈ ಮನುಷ್ಯ ಮೀಟಿಂಗ್ ರೂಮಿನ ಒಳಗಿನ ದಣಿವನ್ನ ಕೇಳಿಸ್ಕೊಂಡಿದ್ರು.

ಇನ್ನೊಂದು ಹೇಳ್ಬೇಕು. ಅವರು ಕೆಲಸನ ಶತ್ರು ತರ ನೋಡ್ಲಿಲ್ಲ, ತಾನು ಕವಿ ಅನ್ನೋದಕ್ಕಿಂತ ಸರ್ಕಾರಿ ನೌಕರ ಅಂತಲೇ ಹೇಳ್ಕೊಂಡವರು. ಆ ನೌಕರಿ ಮಾಡ್ತಾನೇ, ನೀವು ಹೇಳಿದ ಅದೇ ಹೀನಿ ಜೊತೆ ವರ್ಷಗಟ್ಟಲೆ, ಹೆಚ್ಚಾಗಿ ಪತ್ರದಲ್ಲೇ, ಪ್ರಶ್ನೆ ಉತ್ತರ ನಡೆಸಿ 2008ರಲ್ಲಿ ಒಂದು ದಪ್ಪ ಪುಸ್ತಕ ತಂದ್ರು. ನಮ್ಮ ಕೆ.ಎಸ್. ನರಸಿಂಹಸ್ವಾಮಿಯವರೂ ಸರ್ಕಾರಿ ಕಚೇರಿಲಿ ದುಡೀತಾನೇ ಬರೆದವರಲ್ವಾ. ಓಡ್ರಿಸ್ಕಲ್ 2012ರ ಡಿಸೆಂಬರ್‌ನಲ್ಲಿ, ಕ್ರಿಸ್‌ಮಸ್ ಹಿಂದಿನ ದಿನ ತೀರ್ಕೊಂಡ್ರು, 58 ವಯಸ್ಸು, ಅಷ್ಟು ಬೇಗ ಹೋಗ್ಬಿಟ್ರಲ್ಲ ಅನ್ನೋದು ನನಗೆ ಇವತ್ತಿಗೂ ಸಂಕಟ.

ಹಾಗಾಗಿ ರಾತ್ರಿ ಕೂತು ಹುಣ್ಣಿಮೆ ಬಗ್ಗೆ ಬರೆಯೋಕೆ ಒದ್ದಾಡ್ಬೇಡಿ. ಇವತ್ತು ಯಾವ ಬಿಲ್ ವಾಪಸ್ ಬಂತು, ಯಾಕೆ ಬಂತು, ಫೋನಲ್ಲಿ ಆ ಕಡೆಯವರ ದನಿ ಹೇಗಿತ್ತು, ಅದನ್ನ ಕನ್ನಡದಲ್ಲಿ ಬರೀರಿ.

ಪ್ರಶ್ನೆ: ಇವೆಲ್ಲ ಟೈ ಕಟ್ಟೋರ ಕವಿತೆ ಆಯ್ತು. ಬಾಡಿಗೆ ಕಟ್ಟೋಕೂ ಒದ್ದಾಡೋರ ಬಗ್ಗೆ ಅಲ್ಲಿ ಯಾರು ಬರೀತಾರೆ?
– ಒಬ್ಬ ಓದುಗಿ, ಮೈಸೂರು

ಉತ್ತರ: ರೀಟಾ ಆ್ಯನ್ ಹಿಗ್ಗಿನ್ಸ್. ಗಾಲ್ವೇ ಊರಿನವರು, 1955ರಲ್ಲಿ ಹುಟ್ಟಿದ್ದು, 14ಕ್ಕೆ ಸ್ಕೂಲ್ ಬಿಟ್ಟವರು. 1977ರಲ್ಲಿ ಕ್ಷಯ ಬಂದು ಸ್ಯಾನಿಟೋರಿಯಂನಲ್ಲಿ ಮಲಗಿದ್ದಾಗ ಓದೋಕೆ ಹಿಡಿದ್ರು, 1986ರಲ್ಲಿ ಮೊದಲ ಸಂಕಲನ, ಅದರ ಹೆಸರಲ್ಲೇ ಗಾಲ್ವೇಯ ಮರ್ವ್ಯೂ ಬಡಾವಣೆಗೆ ಹೋಗೋ ಬಸ್ ಇದೆ, ಆ ಬಸ್ಸಲ್ಲೊಬ್ಬಳು ದೇವತೆ. ಸಮ್ ಪೀಪಲ್ ಅನ್ನೋ ಕವಿತೆ ಹುಡುಕಿ ಓದಿ. ಮಕ್ಕಳ ಮುಂದೆ ಬೈಸ್ಕೊಳ್ಳೋದು, ಬಾಡಿಗೆಗೆ ಕಮ್ಮಿ ಬೀಳೋದು, ಕರೆಂಟ್ ಬಿಲ್ಲಿಗೆ, ಮಕ್ಕಳ ಪುಸ್ತಕಕ್ಕೆ ಕಮ್ಮಿ ಬೀಳೋದು, ಸರ್ಕಾರಿ ನೆರವಿಗೆ ಹೊಗೆ ತುಂಬಿದ ರೂಮಲ್ಲಿ ಕಾಯೋದು, ಇವೆಲ್ಲ ಹೇಗಿರುತ್ತೆ ಅಂತ ಕೆಲವರಿಗೆ ಗೊತ್ತು ಅಂತ ಸಾಲು ಸಾಲಾಗಿ ಹೇಳ್ತಾ ಹೋಗ್ತಾರೆ, ಕೊನೆಗೆ ಉಳಿದವರಿಗೆ ಗೊತ್ತಿಲ್ಲ ಅಂತ ನಿಲ್ಲಿಸ್ತಾರೆ, ಅಷ್ಟೇ. ಒಂದು ಉಪಮೆ ಇಲ್ಲ. ಜೋರಾಗಿ ಓದ್ಬೇಕು ಅದನ್ನ, ಅಡುಗೆಮನೆಲಿ ನಿಂತು ಹೇಳ್ಕೊಂಡ ಹಾಗೇ ಕೇಳುತ್ತೆ.

ಪ್ರಶ್ನೆ: ಅಲ್ಲಿ ಕವಿಗಳಿಗೆ ಸರ್ಕಾರವೇ ಸಂಬಳ ಕೊಡುತ್ತಂತೆ, ನಿಜಾನಾ?
– ವಿದ್ಯಾರ್ಥಿ, ಧಾರವಾಡ

ಉತ್ತರ: ಎಲ್ಲರಿಗೂ ಅಲ್ಲ. 2022ರಲ್ಲಿ ಪ್ರಯೋಗ ಅಂತ ಶುರುಮಾಡಿದ್ರು, ಕವಿಗಳು, ನಟರು, ಸಂಗೀತಗಾರರು ಎಲ್ಲ ಸೇರಿ 2,000 ಜನಕ್ಕೆ ವಾರಕ್ಕೆ 325 ಯೂರೋ. ಅರ್ಹರು ಎಷ್ಟೋ ಜಾಸ್ತಿ ಇದ್ದಿದ್ರಿಂದ ಲಾಟರಿ ತರ ಆರಿಸಿದ್ರು, ಬರೆದದ್ದು ಚೆನ್ನಾಗಿದೆಯಾ ಅಂತ ತೂಗಿ ನೋಡ್ಲಿಲ್ಲ. ಅದೇ ಸರಿ ಅಂತ ನನ್ನ ಅಭಿಪ್ರಾಯ, ಸಾಲುಗಳಿಗೆ ಮಾರ್ಕ್ಸ್ ಹಾಕೋ ಕೆಲಸ ಸರ್ಕಾರದ್ದಲ್ಲ, ಬರೆಯೋರ ಮನೆ ಒಲೆ ಉರಿಯೋ ಹಾಗೆ ನೋಡ್ಕೊಂಡ್ರೆ ಸಾಕು.